ಆಂಗಲ್ ಗ್ರೈಂಡರ್ ಯಂತ್ರದ ಆಯ್ಕೆ ಮತ್ತು ಸಂರಕ್ಷಣೆ

ಕಡೂರು ತಾಲ್ಲೂಕಿನ ಚೌಳಹಿರಿಯೂರು ಹೋಬಳಿಯಂತಹ ಮಳೆಯಾಶ್ರಿತ ಸೀಮೆಯಲ್ಲಿ, ರಾಗಿಯ ಒಕ್ಕಣೆ ಮುಗಿದಂದಿನಿಂದ ಮುಂಗಾರಿನ ಉಳುಮೆಯವರೆಗಿನ ತಿಂಗಳುಗಳೇ ಬೇಸಾಯದ ಮುಟ್ಟುಗಳನ್ನು ದುರಸ್ತು ಮಾಡಿಕೊಳ್ಳುವ ಕಾಲವಾಗಿರುವುದು. ಹಿಂದೆ ನೇಗಿಲ ಕುಳ, ಕುಡುಗೋಲು, ಮಚ್ಚುಗಳೆಲ್ಲವೂ ಕಮ್ಮಾರನ ಕುಲುಮೆಗೆ ಹೋಗುತ್ತಿದ್ದುವು. ಈಗ ಕಲ್ಟಿವೇಟರಿನ ಹಲ್ಲು, ಟ್ರೇಲರಿನ ತಗಡು, ಕೊಳವೆಬಾವಿಯ ಕಬ್ಬಿಣದ ಪೈಪು ಇವುಗಳ ಕೆಲಸಕ್ಕಾಗಿ ಅನೇಕ ಗೃಹಸ್ಥರು ಆಂಗಲ್ ಗ್ರೈಂಡರನ್ನು ಮನೆಯಲ್ಲಿಯೇ ಇಟ್ಟುಕೊಳ್ಳುತ್ತಿರುವರು. ಯಂತ್ರವು ಬಹು ಉಪಯುಕ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ವೇಗವೆಷ್ಟೆಂಬುದನ್ನು ತಿಳಿಯದೆ ಬಳಸಿದಲ್ಲಿ ಕೈ, ಕಣ್ಣು, ಬಣವೆ ಮೂರಕ್ಕೂ ಹಾನಿಯುಂಟು.

ಯಂತ್ರದ ಸ್ವರೂಪ. ಅತಿವೇಗದ ಆಂಗಲ್ ಗ್ರೈಂಡರನ್ನು ೧೯೫೪ರಲ್ಲಿ ಜರ್ಮನಿಯ ಫ್ಲೆಕ್ಸ್ ಕಂಪನಿಯು ಹೊರತಂದಿತು. ಆ ದೇಶದಲ್ಲಿ ಇದನ್ನು ಫ್ಲೆಕ್ಸ್ ಎಂದೇ ಕರೆಯುವ ರೂಢಿಯಿದೆ. ಮೋಟಾರಿನ ತಿರುಗುವಿಕೆಯು ಹಲ್ಲುಗಾಲಿಗಳ ಮೂಲಕ ಅಡ್ಡಲಾಗಿ ತಿರುಗಿ, ತುದಿಯಲ್ಲಿರುವ ಚಕ್ರಕ್ಕೆ ಮುಟ್ಟುತ್ತದೆ. ನಾಲ್ಕು ಅಂಗುಲದ ಚಕ್ರದ ಯಂತ್ರವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು ೧೧,೦೦೦ ಸುತ್ತು ತಿರುಗುವುದು. ಆಗ ಚಕ್ರದ ಅಂಚು ಗಂಟೆಗೆ ೨೦೦ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುವುದೆಂದು ತಿಳಿಯಬೇಕು.

ಆಯ್ಕೆ. ಮನೆಯ ದುರಸ್ತಿಗೆ ನಾಲ್ಕು ಅಥವಾ ಐದು ಅಂಗುಲದ, ೭೦೦ರಿಂದ ೧,೦೦೦ ವ್ಯಾಟ್ ಸಾಮರ್ಥ್ಯದ ಯಂತ್ರವು ಸಾಕು. ಏಳು, ಒಂಬತ್ತು ಅಂಗುಲದ ಯಂತ್ರಗಳು ಭಾರವಾದುವು. ಅಭ್ಯಾಸವಿಲ್ಲದ ಕೈಗೆ ತಕ್ಕುವಲ್ಲ. ಗಾರ್ಡು ಮತ್ತು ಪಕ್ಕದ ಹಿಡಿ ಇಲ್ಲದ ಯಂತ್ರವನ್ನು ಎಷ್ಟು ಅಗ್ಗವಾದರೂ ಕೊಳ್ಳಲಾಗದು. ಬೆರಳು ಸಡಿಲಿಸಿದೊಡನೆ ನಿಲ್ಲುವ ಸ್ವಿಚ್ಚಿನ ಯಂತ್ರವು ಉತ್ತಮ. ಕಾರ್ಬನ್ ಬ್ರಷ್ಷು ಕಡೂರು, ಬೀರೂರುಗಳಂತಹ ಸಮೀಪದ ಪೇಟೆಯಲ್ಲಿಯೇ ದೊರೆಯುವುದೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಚಕ್ರ ಮತ್ತು ಗಾರ್ಡು. ಪ್ರತಿಯೊಂದು ಚಕ್ರದ ಮೇಲೂ ಅದು ತಾಳಬಲ್ಲ ಗರಿಷ್ಠ ವೇಗವನ್ನು ಅಚ್ಚುಹಾಕಿರುತ್ತಾರೆ. ಕಬ್ಬಿಣ ಕತ್ತರಿಸುವ ಸಾಮಾನ್ಯ ಚಕ್ರಗಳ ಅಂಚಿಗೆ ಸೆಕೆಂಡಿಗೆ ೮೦ ಮೀಟರ್ ವೇಗವೇ ಮಿತಿ. ಆದುದರಿಂದ ಏಳು ಅಂಗುಲದ ಚಕ್ರವು ನಿಮಿಷಕ್ಕೆ ಸುಮಾರು ೮,೫೦೦ ಸುತ್ತುಗಳನ್ನು ಮಾತ್ರ ತಾಳುವುದು. ಕೆಲಸ ಬೇಗ ಮುಗಿಯಲೆಂದು ಗಾರ್ಡನ್ನು ಕಳಚಿ, ಚಿಕ್ಕ ಯಂತ್ರಕ್ಕೆ ಅಂತಹ ದೊಡ್ಡ ಚಕ್ರವನ್ನು ತೊಡಿಸಿದರೆ, ಅಂಚಿನ ವೇಗವು ಸೆಕೆಂಡಿಗೆ ೧೦೦ ಮೀಟರನ್ನು ಮೀರುವುದು. ಆಗ ಚಕ್ರವು ಸಿಡಿಯಬಹುದು. ಚೂರುಗಳನ್ನು ತಡೆಯಬೇಕಾದ ಗಾರ್ಡು ಆ ಹೊತ್ತಿನಲ್ಲಿ ಯಂತ್ರದ ಮೇಲಿರುವುದಿಲ್ಲ. ಮರ ಕೊಯ್ಯುವ ಹಲ್ಲಿನ ಚಕ್ರವನ್ನು ಇದಕ್ಕೆ ತೊಡಿಸುವುದೂ ಅಷ್ಟೇ ಅಪಾಯಕರ. ಹಲ್ಲು ಸಿಕ್ಕಿಕೊಂಡೊಡನೆ ಯಂತ್ರವು ಹಿಡಿದವನ ಕಡೆಗೇ ಚಿಮ್ಮುವುದು. ಕತ್ತರಿಸುವ ತೆಳುಚಕ್ರದ ಪಕ್ಕದಿಂದ ಉಜ್ಜಬಾರದು. ಚಕ್ರದ ನಡುವಣ ಲೋಹದ ಬಳೆಯ ಮೇಲಿನ ವಾಯಿದೆಯ ದಿನ ಮೀರಿದ್ದರೆ, ಒದ್ದೆಯಾಗಿದ್ದರೆ, ಬಿರುಕುಬಿಟ್ಟಿದ್ದರೆ ಅದನ್ನು ಎಸೆದುಬಿಡತಕ್ಕದ್ದು. ಹೊಸ ಚಕ್ರವನ್ನು ತೊಡಿಸಿದ ಮೇಲೆ, ಎದುರಿನಿಂದ ಪಕ್ಕಕ್ಕೆ ಸರಿದು ಒಂದು ನಿಮಿಷ ಬರಿದೇ ತಿರುಗಿಸಿ ನೋಡಬೇಕು. ಕಣ್ಣಿಗೆ ಕನ್ನಡಕವು ಅವಶ್ಯ. ಸಡಿಲವಾದ ಪಂಚೆ, ಟವೆಲುಗಳು ಕೂಡದು.

ಅಲಗಿನ ಹದ. ಕುಡುಗೋಲು, ಮಚ್ಚುಗಳನ್ನು ಒತ್ತಿ ಮಸೆದರೆ ಅಂಚು ಕಾದು ನೀಲಿಬಣ್ಣಕ್ಕೆ ತಿರುಗುವುದು. ಇದು ಉಕ್ಕಿನ ಹದ ಕೆಟ್ಟಿತೆಂಬುದರ ಗುರುತು. ಆ ಅಲಗು ಬೇಗನೆ ಮೊಂಡಾಗುವುದು. ಹಗುರವಾಗಿ, ತಡೆತಡೆದು ಮಸೆಯಬೇಕು. ಕೊನೆಯ ಸಾಣೆಗೆ ಕೈಯ ಸಾಣೆಕಲ್ಲೇ ಶ್ರೇಷ್ಠ.

ಕಿಡಿಯ ಭಯ. ದುರಸ್ತಿಯ ಕಾಲವೂ ರಾಗಿಹುಲ್ಲಿನ ಬಣವೆಗಳು ಒಣಗಿ ನಿಂತಿರುವ ಕಾಲವೂ ಒಂದೇ ಎಂಬುದನ್ನು ಮರೆಯಬಾರದು. ಬಣವೆ ಸುಟ್ಟರೆ ವರ್ಷದ ಮೇವೇ ಹೋದಂತೆ. ಬಣವೆ, ಕೊಟ್ಟಿಗೆ, ಡೀಸೆಲ್ ಇವುಗಳಿಂದ ಕನಿಷ್ಠ ೩೫ ಅಡಿ ದೂರದಲ್ಲಿ, ಬರಿನೆಲದ ಮೇಲೆ, ಗಾಳಿ ತಗ್ಗಿರುವಾಗ ಕೆಲಸ ಮಾಡತಕ್ಕದ್ದು. ನೀರು ತುಂಬಿದ ಕೊಡವೊಂದು ಪಕ್ಕದಲ್ಲಿರಲಿ. ಹುಲ್ಲಿನೊಳಗೆ ಬಿದ್ದ ಕಿಡಿಯು ಒಳಗೊಳಗೇ ಕನಲಿ ತಡವಾಗಿ ಹೊತ್ತಿಕೊಳ್ಳುವುದರಿಂದ, ಕೆಲಸ ಮುಗಿದ ಅರ್ಧ ಗಂಟೆಯವರೆಗೆ ಒಬ್ಬರು ಅಲ್ಲಿಯೇ ಕಾವಲಿರಬೇಕು. ಎಣ್ಣೆ ಅಥವಾ ಡೀಸೆಲ್ ತುಂಬಿದ್ದ ಡ್ರಮ್ಮುಗಳನ್ನು, ಬರಿದಾಗಿದ್ದರೂ, ಈ ಯಂತ್ರದಿಂದ ಕತ್ತರಿಸಲೇಬಾರದು; ಒಳಗಣ ಆವಿಯು ಸ್ಫೋಟಿಸುವುದು.

ಸಂರಕ್ಷಣೆ. ಚಕ್ರ ಬದಲಿಸುವ ಮುನ್ನ ಪ್ಲಗ್ಗನ್ನು ಕೀಳಬೇಕು. ಚಕ್ರವು ಪೂರ್ತಿ ನಿಂತ ಹೊರತು ತಡೆಗುಂಡಿಯನ್ನು ಒತ್ತಬಾರದು. ಒತ್ತಿದರೆ ಹಲ್ಲುಗಾಲಿ ಮುರಿಯುವುದು. ಗಾಳಿಕಂಡಿಗಳಲ್ಲಿ ಕೂಡುವ ಕಬ್ಬಿಣದ ಪುಡಿಯನ್ನು ಆಗಾಗ್ಗೆ ಊದಿ ತೆಗೆಯಬೇಕು. ಕಿಂಡಿಯಲ್ಲಿ ಕಿಡಿ ಹೆಚ್ಚಾಗಿ ಕಂಡರೆ ಕಾರ್ಬನ್ ಬ್ರಷ್ಷನ್ನು ನೋಡಿ, ಸವೆದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ವಿದ್ಯುತ್ತಿನ ವೋಲ್ಟೇಜು ತಗ್ಗಿದಾಗ ಒತ್ತಿ ಕೆಲಸ ಮಾಡಿಸಿದರೆ ಮೋಟಾರು ಸುಡುವುದು. ಸುಲಿದ ವಯರನ್ನು ಸುತ್ತಿ ಬಳಸುವ ಅಭ್ಯಾಸವನ್ನು ಬಿಡಬೇಕು.

ಊರಿನಲ್ಲಿ ಒಬ್ಬರ ಯಂತ್ರವನ್ನು ಹತ್ತು ಮಂದಿ ಕೇಳಿ ಕೊಂಡೊಯ್ಯುವುದು ವಾಡಿಕೆ. ಆದುದರಿಂದ ಮುಖಂಡರೂ ಭೂಮಾಲೀಕರೂ ಗಾರ್ಡಿಲ್ಲದ ಯಂತ್ರವನ್ನು ಆಳುಗಳ ಕೈಗೂ ನೆರೆಯವರ ಕೈಗೂ ಕೊಡುವುದಿಲ್ಲವೆಂಬ ನಿಯಮವೊಂದನ್ನು ಪಾಲಿಸಿದರೆ, ಅಪಾಯದ ಬಹುಪಾಲು ಅಲ್ಲಿಯೇ ನಿಲ್ಲುವುದು.