ಕತ್ತರಿಗೊಂದು ತೊಗಲಿನ ಒರೆ

ಹೊಲಿಗೆ ಮಿಷನ್ ಇರುವ ಮನೆಯಲ್ಲಿ ಕತ್ತರಿಗೆ ಇಂಥದೇ ಜಾಗ ಅಂತ ಇರುವುದಿಲ್ಲ. ಬೆಳಿಗ್ಗೆ ಮಿಷನ್ ಮೇಲೆ, ಮಧ್ಯಾಹ್ನ ಮಂಚದ ಮೇಲೆ, ಸಂಜೆ ಚೂರು ಬಟ್ಟೆಗಳ ಬುಟ್ಟಿಯೊಳಗೆ. ಕೊಪ್ಪಳದ ನಮ್ಮ ಮನೆಯಲ್ಲೂ ಹೀಗೇ ಇತ್ತು. 2025ರ ಸಂಕ್ರಾಂತಿಗೆ ಎರಡು ದಿನ ಮುಂಚೆ ನನ್ನ ನಾಲ್ಕು ವರ್ಷದ ಮಗಳು ಗೊಂಬೆಗೆ ಬಟ್ಟೆ ಹುಡುಕುತ್ತ ಆ ಬುಟ್ಟಿಗೆ ಕೈ ಹಾಕಿದಳು. ಹೆಬ್ಬೆರಳಿಗೆ ಮೂರು ಹೊಲಿಗೆ ಬಿತ್ತು. ಊರವರ ಬ್ಲೌಸು ಹೊಲಿದುಕೊಡುವ ತಾಯಿ, ಮಗಳ ಬೆರಳಿಗೆ ಹಾಕುವ ಹೊಲಿಗೆಯನ್ನು ನೋಡಲಾರದೆ ಮುಖ ತಿರುಗಿಸಿ ನಿಂತೆ.

ಅದೇ ವಾರ ಗವಿಸಿದ್ಧೇಶ್ವರ ಜಾತ್ರೆ. ಮಹಾದಾಸೋಹಕ್ಕೆ ರೊಟ್ಟಿ ಮುಟ್ಟಿಸಿ ಬರುವಾಗ ಬಂದೋಬಸ್ತಿಗೆ ನಿಂತಿದ್ದ ಪೊಲೀಸ್ ಅಧಿಕಾರಿಯೊಬ್ಬರ ಸೊಂಟದ ಕಡೆ ನನ್ನ ಕಣ್ಣು ಹೋಯಿತು. ಪಿಸ್ತೂಲಿನ ಆಕಾರಕ್ಕೇ ಕೂತಿದ್ದ ತೊಗಲಿನ ಒರೆ! ಹಿಡಿಕೆ ಮಾತ್ರ ಹೊರಗೆ, ಅಪಾಯದ ಭಾಗವೆಲ್ಲ ಒಳಗೆ. ಬಗ್ಗಿದರೂ ಬೀಳುವುದಿಲ್ಲ, ಬೇಕೆಂದಾಗ ಕೈಗೆ ಬರುತ್ತದೆ. ನನ್ನ ಕತ್ತರಿಗೂ ಇಂಥದೊಂದು ಯಾಕಾಗಬಾರದು?

ಮೊದಲ ಸಲ ಕೆಟ್ಟದ್ದು

ಹಳೆಯ ತೊಗಲಿನ ಚೀಲ ಕತ್ತರಿಸಿದೆ. ಬಟ್ಟೆಗೆ ಮಾಡುವಂತೆಯೇ ಕತ್ತರಿ ಇಟ್ಟು ಸುತ್ತ ಗೆರೆ ಹಾಕಿ, ಕೊಯ್ದು, ದಪ್ಪ ದಾರದಿಂದ ಹೊಲಿದೆ. ಕತ್ತರಿ ಅರ್ಧಕ್ಕೇ ಸಿಕ್ಕಿಕೊಂಡಿತು. ಒತ್ತಿ ತುರುಕಿದೆ. ಅಲಗು ಒಳಗಿನ ದಾರವನ್ನೇ ಕೊಯ್ದು ಆಚೆ ಬಂತು.

ಅದನ್ನೇ ಕೈಯಲ್ಲಿ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಜ್ಜನ ಬಳಿ ಹೋದೆ. ಯಲಬುರ್ಗಾ ಕಡೆಯವರು. ತಿರುಗಿಸಿ ನೋಡಿ ನಕ್ಕರು.

“ಯವ್ವಾ, ತೊಗಲು ಅಂದ್ರ ಬಟ್ಟಿ ಅಲ್ಲ. ಬಟ್ಟ್ಯಾಗ ತಪ್ಪಾದ್ರ ಬಿಚ್ಚಿ ಹೊಲಿಬಹುದು. ತೊಗಲಿಗೆ ಬಿದ್ದ ತೂತು ಮುಚ್ಚಂಗಿಲ್ಲ. ಮೊದಲ ಹಾಳ್ಯಾಗ ತಪ್ಪು ಮಾಡು, ಆಮ್ಯಾಲ ತೊಗಲಿಗೆ ಕೈ ಹಚ್ಚು.”

ತೊಗಲಿನಲ್ಲೂ ಎರಡು ಬಗೆ ಎಂದು ಅವರೇ ಹೇಳಿದರು. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಇಂಥವುಗಳ ಒಗರಿನಲ್ಲಿ ಹದ ಮಾಡಿದ ತೊಗಲು ಗಡುಸು. ನೀರಿನಲ್ಲಿ ನೆನೆಸಿ ಒತ್ತಿದರೆ ಆಕಾರ ಹಿಡಿದು ಹಾಗೇ ಒಣಗುತ್ತದೆ. ಕ್ರೋಮ್ ಎಂಬ ರಾಸಾಯನಿಕದಲ್ಲಿ ಹದ ಮಾಡಿದ್ದು ಮೆತ್ತಗೆ, ಕೈಚೀಲಕ್ಕೆ ಒಳ್ಳೆಯದು, ಆದರೆ ಆಕಾರ ಹಿಡಿಯುವುದಿಲ್ಲ. ಕೊಯ್ದ ಅಂಚಿನಲ್ಲಿ ನೀಲಿ ಬೂದು ಬಣ್ಣ ಕಂಡರೆ ಅದು ಸಾಮಾನ್ಯವಾಗಿ ಕ್ರೋಮ್ ತೊಗಲು. ನನ್ನ ಹಳೆಯ ಚೀಲ ಅದೇ ಜಾತಿಯದು!

“ಐತವಾರ ಮನೀಗೆ ಬಂದು ತೋರಸ್ತೀನಿ” ಎಂದರು ಅಜ್ಜ.

ಅತ್ತೆಯವರಿಗೆ ಸಮಾಧಾನವಿಲ್ಲ. “ದೇವರ ಜಗಲಿ ಇರೋ ಮನ್ಯಾಗ ತೊಗಲು ಹೊಲಿತಿಯೇನು? ಮಂದಿ ಏನಂದಾರು?” ಅಜ್ಜ ಬಂದಾಗ ತಾವಾಗಿಯೇ ಹೊಸ್ತಿಲ ಹೊರಗೆ ಕುಳಿತರು. ಅತ್ತೆ ಚಹಾ ಕಳಿಸಿದರು, ಕಾಗದದ ಕಪ್ಪಿನಲ್ಲಿ. ನಾನು ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

ಬೇಕಾಗುವ ಸಾಮಾನು

ತೊಗಟೆಯಲ್ಲಿ ಹದ ಮಾಡಿದ, ಸುಮಾರು 2 ಮಿಲಿಮೀಟರ್ ದಪ್ಪದ ತೊಗಲು, ಆರಿ, ಅಂದರೆ ತೂತು ಹಾಕುವ ಮೊನೆಯುಳಿ, ಮೊಂಡು ಮೊನೆಯ ದಪ್ಪ ಸೂಜಿ 2, ಗಟ್ಟಿ ದಾರ, ಜೇನುಮೇಣದ ಚೂರು, ತೊಗಲಿಗೆ ಹಚ್ಚುವ ಅಂಟು, ದಪ್ಪ ಕಾಗದ, ಸ್ಕೇಲು, ಪೆನ್ಸಿಲು. ಅಜ್ಜನ ಹತ್ತಿರ ತೊಗಲು ಕೊಯ್ಯಲು ರಂಪಿಗೆ ಇತ್ತು. ನಿಮ್ಮಲ್ಲಿ ಹರಿತವಾದ ಚಾಕು ಇದ್ದರೆ ಸಾಕು.

ಮಾಡುವ ಬಗೆ

ಕಾಗದವನ್ನು ಎರಡಾಗಿ ಮಡಚಿ, ಮುಚ್ಚಿದ ಕತ್ತರಿಯನ್ನು ಮಡಿಕೆಗೆ ತಾಗಿಸಿ ಇಡಿ. ಅಲಗಿನಿಂದ ತಿರುಗಣಿ ಮೊಳೆಯವರೆಗೆ ಒಳಗಿರಬೇಕು, ಬೆರಳು ಹಾಕುವ ಹಿಡಿಕೆ ಹೊರಗಿರಬೇಕು. ತೆರೆದ ಕಡೆ ಕತ್ತರಿಯ ದಪ್ಪದಷ್ಟು, ಅದರ ಮೇಲೆ ಇನ್ನೂ ಅರ್ಧ ಇಂಚು ಜಾಗ ಬಿಟ್ಟು ಗೆರೆ ಎಳೆಯಿರಿ. ಕಾಗದ ಕೊಯ್ದು, ಪಿನ್ನು ಹಾಕಿ, ಕತ್ತರಿ ಇಳಿಸಿ ನೋಡಿ. ಸರಿಯಾದ ಮೇಲೆಯೇ ತೊಗಲಿನ ಮೇಲೆ ಗುರುತು ಮಾಡಿ.

ಅರ್ಧ ಇಂಚು ಅಗಲದ ಇನ್ನೊಂದು ಪಟ್ಟಿ ಕೊಯ್ದು, ಹೊಲಿಗೆ ಬರುವ ಅಂಚಿನುದ್ದಕ್ಕೂ ಎರಡು ಪದರಗಳ ನಡುವೆ ಅಂಟಿಸಿ. ನಾನು ಮೊದಲ ಸಲ ಬಿಟ್ಟದ್ದು ಇದನ್ನೇ. ಈ ನಡುಪಟ್ಟಿ ಇದ್ದರೆ ಅಲಗು ಬಂದು ತಾಗುವುದು ತೊಗಲಿಗೆ, ದಾರಕ್ಕಲ್ಲ.

ಅಂಚಿನಿಂದ 4 ಮಿಲಿಮೀಟರ್ ಒಳಗೆ ಗೆರೆ ಎಳೆದು, ಇಂಚಿಗೆ ಐದರಂತೆ ಗುರುತು ಹಾಕಿ, ಕೆಳಗೆ ಮರದ ಹಲಗೆ ಇಟ್ಟು ಆರಿಯಿಂದ ತೂತು ಮಾಡಿ. ಆರಿಯ ಮುಂದೆ ನಿಮ್ಮ ಎಡಗೈ ಇರದಂತೆ ಎಚ್ಚರ!

ದಾರ ಹೊಲಿಗೆಯ ಉದ್ದದ ನಾಲ್ಕರಷ್ಟು ಇರಲಿ. ಮೇಣ ಹಚ್ಚಿ, ಎರಡೂ ತುದಿಗೆ ಒಂದೊಂದು ಸೂಜಿ ಪೋಣಿಸಿ. ಮೊದಲ ತೂತಿನಲ್ಲಿ ದಾರವನ್ನು ಸಮ ಮಾಡಿಕೊಂಡು, ಮುಂದಿನ ಪ್ರತಿ ತೂತಿನಲ್ಲೂ ಆ ಕಡೆಯಿಂದೊಂದು, ಈ ಕಡೆಯಿಂದೊಂದು ಸೂಜಿ ದಾಟಿಸಿ, ಎರಡೂ ಕೈಯಿಂದ ಒಂದೇ ಬಿಗಿಯಲ್ಲಿ ಜಗ್ಗಿ. ಕೊನೆಗೆ ಎರಡು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿ. ಮಿಷನ್ ಹೊಲಿಗೆಯಲ್ಲಿ ಒಂದು ದಾರ ಹರಿದರೆ ಸಾಲೇ ಸಡಿಲವಾಗುತ್ತದೆ. ಇಲ್ಲಿ ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ.

ಈಗ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಅದ್ದಿ. ಕತ್ತರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗಿಟ್ಟು, ಮೊಳೆಯ ಸುತ್ತ ಬೆರಳಿನಿಂದ ಒತ್ತಿ ಆಕಾರ ಕೂರಿಸಿ. ಎರಡು ತಾಸಿನ ನಂತರ ಕತ್ತರಿ ತೆಗೆದು, ಒರೆಯನ್ನು ನೆರಳಲ್ಲಿ ಒಂದೆರಡು ದಿನ ಒಣಗಿಸಿ. ಬಿಸಿಲಿಗೋ ಒಲೆಯ ಬಳಿಯೋ ಇಟ್ಟರೆ ಸೀಳುತ್ತದೆ. ಕಡೆಗೆ ಅಂಚನ್ನು ಒದ್ದೆ ಬಟ್ಟೆಯಿಂದ ಹೊಳಪು ಬರುವವರೆಗೆ ಉಜ್ಜಿ.

ಒಂದು ಎಚ್ಚರಿಕೆ: ತೊಗಲು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಕತ್ತರಿಯನ್ನು ವಾರಗಟ್ಟಲೆ ಒರೆಯಲ್ಲೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಮತ್ತೆ ಒರೆ ಇದೆಯೆಂದು ಮಕ್ಕಳ ಕೈಗೆ ಎಟುಕುವಲ್ಲಿ ಇಡಬೇಡಿ. ನನ್ನದು ಈಗ ಗೋಡೆಯ ಮೊಳೆಗೆ, ನನ್ನ ತಲೆಗಿಂತ ಮೇಲೆ.

ಅತ್ತೆಯವರ ಲೋಟ

ಜನವರಿ ಕೊನೆಯ ವಾರ ಪದ್ಮ ಪ್ರಶಸ್ತಿಯ ಸುದ್ದಿ ಬಂತು. ನಮ್ಮ ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ! ತೊಗಲುಗೊಂಬೆ ಆಡಿಸಿ ರಾಮಾಯಣ, ಮಹಾಭಾರತ ತೋರಿಸಿದ ಹಿರಿಯ ಜೀವ. ಅತ್ತೆಯವರು ಟಿ.ವಿ. ಮುಂದೆ ಕೂತು, ತಾವು ಸಣ್ಣವರಿದ್ದಾಗ ಇಡೀ ರಾತ್ರಿ ಗೊಂಬೆಯಾಟ ನೋಡಿದ್ದನ್ನು ಹೇಳಿದ್ದೇ ಹೇಳಿದ್ದು.

“ಅತ್ತಿ, ಆ ರಾಮ, ಸೀತಾ ಎಲ್ಲಾ ಆಡಿನ ತೊಗಲಿನ್ಯಾಗ ಮಾಡಿದ್ದಲ್ಲೇನು? ಭಜನ್ಯಾಗ ಬಾರಸೋ ತಬಲಾಕ್ಕ ಏನ್ ಹೊದಿಸಿರ್ತಾರ?” ಎಂದೆ, ಮೆಲ್ಲಗೆ. ಅವರು ಉತ್ತರ ಕೊಡಲಿಲ್ಲ. ಹರಳಯ್ಯ ಶರಣರ ಕತೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಅವರು. ನಾನೂ ಮುಂದೆ ಮಾತು ಬೆಳೆಸಲಿಲ್ಲ.

ಮುಂದಿನ ಐತವಾರ ಹೊಲಿಗೆ ನೋಡಲು ಅಜ್ಜ ಮತ್ತೆ ಬಂದರು. ಹೊಸ್ತಿಲ ಹೊರಗೆ ಕೂರುವವರಿದ್ದರು. “ಹೊರಗ್ಯಾಕ, ಒಳಗ ಬರ್ರಿ. ಬೆಳಕು ಇಲ್ಲೇ ಚಲೋ ಐತಿ” ಎಂದು ಅತ್ತೆ ಪಡಸಾಲೆಯಲ್ಲಿ ಚಾಪೆ ಹಾಸಿದರು. ಚಹಾ ಸ್ಟೀಲಿನ ಲೋಟದಲ್ಲಿ ಬಂತು, ಮಾವನವರು ಕುಡಿಯುತ್ತಿದ್ದ ಲೋಟ ಅದು. ಅಜ್ಜ ಒಂದು ಗಳಿಗೆ ಲೋಟವನ್ನೇ ನೋಡಿ, ಆಮೇಲೆ ಕುಡಿದರು.

ಕುಷ್ಟಗಿ ಹತ್ತಿರ ನನ್ನ ಅಕ್ಕನ ದಾಳಿಂಬೆ ತೋಟವಿದೆ. ಅಲ್ಲಿ ಟೊಂಗೆ ಸವರುವ ಹೆಂಗಸರು ಕತ್ತರಿಯನ್ನು ಬರಿದೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನನ್ನ ಒರೆ ನೋಡಿ ಅಕ್ಕ ಹತ್ತು ಬೇಕೆಂದಳು. ನಾನು ಹೊಲಿಯಲಿಲ್ಲ, ಅಜ್ಜನ ಹೆಸರು ಹೇಳಿದೆ. ನಾವು ಒಂದು ಮಾಡಿ ಕಲಿಯುವುದು ಸಂತೋಷ. ಆದರೆ ಅದರಿಂದಲೇ ಹೊಟ್ಟೆ ಹೊರೆಯುವವರ ಕೂಲಿಯಲ್ಲಿ ಚೌಕಾಸಿ ಮಾಡಬಾರದೆಂಬುದು ಆ ಒಂದು ಹೊಲಿದ ಮೇಲೆಯೇ ನನಗೆ ತಿಳಿದದ್ದು. ಈ ಕೆಲಸ ಮಾಡುವವರಿಗೆಂದೇ ನಮ್ಮ ಸರ್ಕಾರ 1976ರಲ್ಲಿ ಲಿಡ್ಕರ್ ನಿಗಮ ತೆರೆದಿದೆ. ನಿಮ್ಮೂರಿನ ಕುಶಲಕರ್ಮಿಗಳಿಗೆ ಗೊತ್ತಿಲ್ಲದಿದ್ದರೆ ತಿಳಿಸಿ.

ಮಗಳ ಬೆರಳು ಮಾಗಿದೆ. ಸಣ್ಣ ಕಲೆ ಉಳಿದಿದೆ. ನನ್ನ ಮೊದಲ ಒರೆಯ ಹೊಲಿಗೆಯೂ ಮೇಲಿನಿಂದ ಆರನೇ ತೂತಿನಲ್ಲಿ ಸ್ವಲ್ಪ ಸೊಟ್ಟ. ಬಿಚ್ಚಿ ಹೊಲಿಯುವಂತಿಲ್ಲವಲ್ಲ, ಇರಲಿ ಬಿಡಿ!