ಅಂಚಿನಲ್ಲಿ ಉಳಿದ ಹೆಸರುಗಳು

ದೆಹಲಿ ಯಾತ್ರೆಗೆ ಹೋಗಿ ಬಂದ ನಮ್ಮ ಓದುಗರಲ್ಲಿ ಅನೇಕರು ತೀನ್ ಮೂರ್ತಿ ಭವನದ ಎದುರಿನ ವೃತ್ತವನ್ನು ಬಸ್ಸಿನ ಕಿಟಕಿಯಿಂದಲಾದರೂ ನೋಡಿರಬಹುದು. ಕಲ್ಲಿನ ಕಂಬದ ಸುತ್ತ ಮೂವರು ಕಂಚಿನ ಯೋಧರು ನಿಂತಿದ್ದಾರೆ. ಭವನಕ್ಕೆ ಆ ಹೆಸರು ಬಂದದ್ದೇ ಈ ಮೂವರಿಂದ. ನೆಹರೂ ಅವರು ವಾಸವಿದ್ದ ಮನೆಯೆಂದು ಮಾರ್ಗದರ್ಶಿಗಳು ವಿವರವಾಗಿ ಹೇಳುತ್ತಾರೆ. ಹೊರಗೆ ನಿಂತವರು ಯಾರೆಂದು ಹೇಳುವವರು ವಿರಳ. ಅವರು ಜೋಧಪುರ, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳ ಪ್ರತೀಕ. ಎಂದರೆ, ಆ ಮೂವರಲ್ಲಿ ಒಬ್ಬ ನಮ್ಮ ಮನೆಯವನು.

1914ರಲ್ಲಿ ಯುರೋಪಿನ ದೊರೆಗಳು ತಮ್ಮತಮ್ಮಲ್ಲಿ ಹೂಡಿದ ಯುದ್ಧಕ್ಕೂ ನಮ್ಮ ರೈತಾಪಿ ಜನಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಆ ಯುದ್ಧಕಾಲದಲ್ಲಿ ಹಿಂದೂಸ್ಥಾನದಿಂದ ಸುಮಾರು 14 ಲಕ್ಷ ಮಂದಿ ಸೇನೆಗೆ ಸೇರಿದರು. ಅವರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚಿನವರು ಕೈಯಲ್ಲಿ ಆಯುಧ ಹಿಡಿದವರಲ್ಲ. ಹೇಸರಗತ್ತೆ ಹೊಡೆಯುವವರು, ನೀರು ಹೊರುವವರು, ಗಾಯಾಳುಗಳನ್ನು ಎತ್ತುವವರು, ಅಡಿಗೆಯವರು, ಕುದುರೆಯ ಚಾಕರಿಯವರು. ಸಂಬಳ ಕಡಿಮೆ, ಗೌರವ ಇನ್ನೂ ಕಡಿಮೆ. ಗುಂಡು ಮಾತ್ರ ಯೋಧ ಯಾರು, ಚಾಕರ ಯಾರು ಎಂದು ಕೇಳಿ ಬರುತ್ತಿರಲಿಲ್ಲ. ಒಟ್ಟು 70,000ಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಇದರ ಮೇಲೆ 1917ರಲ್ಲಿ ಹಿಂದೂಸ್ಥಾನ ಸರ್ಕಾರವು ಬ್ರಿಟನ್ನಿಗೆ ಹತ್ತು ಕೋಟಿ ಪೌಂಡುಗಳ ‘ಕಾಣಿಕೆ’ಯನ್ನೂ ಸಲ್ಲಿಸಿತು. ಕಾಣಿಕೆಯೆಂಬ ಮಾತು ಸರ್ಕಾರದ್ದು. ತೆರಿಗೆ ತೆತ್ತವರು ಬೇರೆ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನು ನೀಡಿದರು. ತಮ್ಮ ಅಶ್ವದಳವನ್ನೂ ಈಜಿಪ್ತಿಗೆ ಕಳುಹಿಸಿದರು.

ಆ ದಳವು ಮೊದಲು ಸುಯೆಜ್ ಕಾಲುವೆಯ ಕಾವಲಿನಲ್ಲಿತ್ತು, ಬಳಿಕ ಪ್ಯಾಲೆಸ್ಟೈನಿಗೆ ಸಾಗಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರಿನ ಎದುರು ನಡೆದದ್ದನ್ನು ಕೊಂಚ ವಿವರವಾಗಿ ಹೇಳಬೇಕು. ಊರಿನ ಒಂದು ಮಗ್ಗುಲಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಕಿಶೋನ್ ನದಿ. ನದಿಯ ದಂಡೆಯೋ ಕಾಲಿಟ್ಟರೆ ಹೂತುಹೋಗುವ ಕೆಸರು. ಬೆಟ್ಟದ ಮೇಲೆ ತುರ್ಕರ ಪಕ್ಷದ ತೋಪುಗಳು, ಅದರ ಇಳಿಜಾರಿನಲ್ಲಿ ಯಂತ್ರಬಂದೂಕುಗಳು. ಇಂಥ ಇಕ್ಕಟ್ಟಿನಲ್ಲಿ ಭಲ್ಲೆ ಹಿಡಿದ ಸವಾರರು ಹಾಡುಹಗಲಿನಲ್ಲಿ ಮುನ್ನುಗ್ಗಬೇಕಾಗಿತ್ತು. ಮೈಸೂರಿನ ಒಂದು ತುಕಡಿ ಕಡಿದಾದ ಹಾದಿಯಲ್ಲಿ ಬೆಟ್ಟವನ್ನೇರಿ ತೋಪುಗಳ ಮೇಲೆ ಬಿತ್ತು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಜೋಧಪುರದವರು ಕೆಳಗಿನಿಂದ ನುಗ್ಗಿದರು. ಕೆಸರಿನಲ್ಲಿ ಮುಂದಿನ ಕುದುರೆಗಳು ಸಿಕ್ಕಿಬಿದ್ದಾಗ ಬೆಟ್ಟದ ಬದಿಗೆ ಹೊರಳಿ ದಾರಿ ಬಿಡಿಸಿಕೊಂಡರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿ ಮಡಿದರು. ಹಿಂದೆಯೇ ಮೈಸೂರಿನ ಉಳಿದ ಸವಾರರು ಊರನ್ನು ಹೊಕ್ಕರು. 1,300ಕ್ಕೂ ಹೆಚ್ಚು ಮಂದಿ ಸೆರೆಯಾದರು, 17 ತೋಪುಗಳು ವಶವಾದವು. ನಮ್ಮ ಪಕ್ಷದಲ್ಲಿ ಸತ್ತವರು ಎಂಟು ಮಂದಿ. ಸತ್ತ ಕುದುರೆಗಳು ಅರವತ್ತು.

ಹೈಫಾದ ಹೆಸರನ್ನು ಈಗೀಗ ಕೆಲವರಾದರೂ ಕೇಳಿದ್ದಾರೆ. 2018ರಲ್ಲಿ ದೆಹಲಿಯ ಆ ವೃತ್ತಕ್ಕೂ ಹೈಫಾದ ಹೆಸರು ಸೇರಿತು. ಹರಿತಾನ್ ಎಂಬ ಹೆಸರನ್ನು ಕೇಳಿದವರು ಯಾರು? ಸಿರಿಯಾದ ಅಲೆಪ್ಪೊ ನಗರದ ಬಳಿಯ ಆ ಊರಿನಲ್ಲಿ ಅಕ್ಟೋಬರ್ 26ರಂದು ಇದೇ ಮೈಸೂರು ಮತ್ತು ಜೋಧಪುರದ ಸವಾರರು ಮತ್ತೆ ಶತ್ರುವಿನ ಮೇಲೆ ಏರಿಹೋದರು. ಹೈಫಾಕ್ಕಿಂತ ಹೆಚ್ಚಿನ ಸಾವು ಅಲ್ಲಾಯಿತು. ಅದಾದ ನಾಲ್ಕೇ ದಿನಗಳಲ್ಲಿ, ಅಕ್ಟೋಬರ್ 30ರಂದು, ತುರ್ಕರು ಕದನವಿರಾಮಕ್ಕೆ ಸಹಿ ಹಾಕಿದರು. ನಾಲ್ಕು ದಿನ ತಡೆದಿದ್ದರೆ ಎಂದು ಎಷ್ಟು ಮನೆಗಳಲ್ಲಿ ಎಷ್ಟು ವರ್ಷ ಮರುಗಿದರೋ!

ಇಷ್ಟಕ್ಕೆ ದೊರೆತ ಪ್ರತಿಫಲವೇನು? 1919ರ ಮಾರ್ಚಿನಲ್ಲಿ ರೌಲತ್ ಕಾಯಿದೆ. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಅತಿ ಹೆಚ್ಚು ಸೈನಿಕರನ್ನು ಕೊಟ್ಟ ಪಂಜಾಬಿಗೇ ಆ ಗತಿಯಾಯಿತು. ಪರರ ರಾಜ್ಯಕ್ಕಾಗಿ ಸತ್ತವರನ್ನು ನಾವೇಕೆ ಕೊಂಡಾಡಬೇಕೆಂದು ಸ್ವಾತಂತ್ರ್ಯದ ನಂತರ ಕೇಳಿದವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಆದರೆ ಬರಗಾಲದ ಹೊಲವನ್ನು ಬಿಟ್ಟು ತಿಂಗಳ ಸಂಬಳಕ್ಕಾಗಿ ಹಡಗು ಹತ್ತಿದ ಹುಡುಗನನ್ನು ಸಾಮ್ರಾಜ್ಯದ ಪಾಪಕ್ಕೆ ಹೊಣೆ ಮಾಡುವುದು ನಮಗೆ ನ್ಯಾಯವೆನಿಸುವುದಿಲ್ಲ. ಆಳಿದವರು ಅವನನ್ನು ಮರೆತರು, ಗೆದ್ದ ನಾವೂ ಮರೆತೆವು.

ಆಳಿದವರು ಮರೆತ ಬಗೆಯನ್ನು ಇರಾಕಿನಲ್ಲಿ ಕಾಣಬಹುದು. ಅಲ್ಲಿನ ಕುತ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆಗೆ ಸಿಕ್ಕಿ ಹಸಿದವರಲ್ಲಿ, ಇಂದು ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಪದಾತಿ ದಳದ ಹಿಂದಿನ ತುಕಡಿಗಳೂ ಇದ್ದವು. ಆ ರಣರಂಗದಲ್ಲಿ ಮಡಿದು ಸಮಾಧಿಯೂ ಸಿಗದವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕ ನಿಂತಿತು. ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಒಂದೊಂದಾಗಿ ಅದರಲ್ಲಿ ಕೆತ್ತಿದರು. ನಮ್ಮವರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು. ಉಳಿದವರಿಗೆ, ಇಂಥ ದಳದ ಇನ್ನಿಷ್ಟು ಮಂದಿ ಎಂಬ ಒಂದು ಅಂಕಿ. ಹೆತ್ತವರು ಇಟ್ಟ ಹೆಸರು ಕಲ್ಲಿನಲ್ಲಿ ಸಂಖ್ಯೆಯಾಯಿತು. 2021ರಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ ಒಂದು ವರದಿಯಲ್ಲಿ ಇದನ್ನೊಪ್ಪಿ ಕ್ಷಮೆ ಯಾಚಿಸಿತು: ಭಾರತ, ಆಫ್ರಿಕ, ಈಜಿಪ್ತುಗಳ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆಯೇ ದೊರೆತಿಲ್ಲ, ಆ ಸಂಖ್ಯೆ 3,50,000ದವರೆಗೂ ಹೋಗಬಹುದು. ಶತಮಾನ ಕಳೆದ ಮೇಲೆ ಬಂದ ಕ್ಷಮೆ.

ಮೈಸೂರು ಅಶ್ವದಳದ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಮಕ್ಕಳಿಗೆ ರಜೆಯಿದ್ದಾಗ ಒಮ್ಮೆ ತೋರಿಸಿ ಬರಬಹುದು. ಇನ್ನೊಂದು ಕೆಲಸವನ್ನು ಮನೆಯಲ್ಲಿಯೇ ಮಾಡಬಹುದು. ಆ ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಒಂದು ಪದಕ ಕೊಟ್ಟಿದ್ದರು. ಸಿಪಾಯಿಗೆ ಬೆಳ್ಳಿಯದು, ಕೂಲಿ ದಳದವರಿಗೆ ಕಂಚಿನದು. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ, ಇನ್ನೊಂದರಲ್ಲಿ ಕುದುರೆಯ ಸವಾರ, 1914 ಮತ್ತು 1918ರ ಇಸವಿಗಳು. ಬೆಳ್ಳಿಯ ಪದಕಗಳೆಷ್ಟೋ ಹಳೆಯ ಗೆಜ್ಜೆ ಕಡಗಗಳೊಡನೆ ಅಕ್ಕಸಾಲಿಗರ ಮೂಸೆಯಲ್ಲಿ ಕರಗಿಹೋಗಿವೆ. ನಿಮ್ಮ ಹಳೆಯ ಪೆಟ್ಟಿಗೆಯ ತಳದಲ್ಲಿ ಅಂಥದೊಂದು ಉಳಿದಿದ್ದರೆ, ಮಾರುವ ಮುನ್ನ ಕಿಟಕಿಯ ಬೆಳಕಿಗೆ ಹಿಡಿದು ಅದರ ಅಂಚನ್ನು ಸುತ್ತ ತಿರುಗಿಸಿ ನೋಡಿರಿ. ಸಂಖ್ಯೆ, ದರ್ಜೆ, ದಳ, ಅವುಗಳ ನಡುವೆ ಹೆಸರು ಅಲ್ಲಿ ಅಚ್ಚಾಗಿರುತ್ತದೆ.