ಹೋಗಲು ಎಂಟು ಗಂಟೆ, ಬರಲು ಏಳು

ಲಂಡನ್ನಿಗೂ ನ್ಯೂಯಾರ್ಕಿಗೂ ನಡುವೆ ಸುಮಾರು 5,550 ಕಿ.ಮೀ. ದೂರ. ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಹೆಚ್ಚುಕಡಿಮೆ ಎಂಟು ಗಂಟೆ ಬೇಕು. ಅದೇ ವಿಮಾನ ಲಂಡನ್ನಿಗೆ ಮರಳಲು ಏಳು ಗಂಟೆ ಸಾಕು. ಎರಡೂ ಊರಿನ ಗಡಿಯಾರಗಳ ಅಂತರ ಕಳೆದ ಮೇಲಿನ ಲೆಕ್ಕ ಇದು. ಏಕೆ ಹೀಗೆ ಎಂದರೆ ವಿಜ್ಞಾನ ಓದಿದವರೂ ಥಟ್ಟನೆ ಹೇಳುವುದು, ‘ಭೂಮಿ ತಿರುಗುತ್ತಿದೆಯಲ್ಲ, ಅದಕ್ಕೆ’ ಎಂದು. ಆಗಲಿ, ಇದನ್ನೇ ಒಪ್ಪಿ ಲೆಕ್ಕ ಹಾಕೋಣ. ಭೂಮಿ ತಿರುಗುವುದು ಪೂರ್ವದ ಕಡೆಗೆ. ಲಂಡನ್ನಿನ ಅಕ್ಷಾಂಶದಲ್ಲಿ ನೆಲದ ವೇಗ ಗಂಟೆಗೆ ಸುಮಾರು 1,040 ಕಿ.ಮೀ., ವಿಮಾನದ್ದು 900ರ ಆಸುಪಾಸು. ವಿಮಾನದ ಕೆಳಗೆ ನೆಲ ಜಾರುತ್ತಿದ್ದರೆ ಪಶ್ಚಿಮಕ್ಕೆ ಹೊರಟವರಿಗೆ ನ್ಯೂಯಾರ್ಕೇ ಎದುರುಬಂದು ಮೂರು ಗಂಟೆಯೊಳಗೆ ಸಿಗಬೇಕಿತ್ತು. ಪೂರ್ವಕ್ಕೆ ಹೊರಟವರಿಗೆ ಲಂಡನ್ ಎಂದೆಂದಿಗೂ ಸಿಗಬಾರದಿತ್ತು. ನಡೆಯುತ್ತಿರುವುದು ತದ್ವಿರುದ್ಧ! ನೆಲ ಬಿಡುವ ಮೊದಲೇ ವಿಮಾನಕ್ಕೂ ಸುತ್ತಲಿನ ಗಾಳಿಗೂ ಭೂಮಿಯ ವೇಗ ಬಂದಿರುತ್ತದೆ. ಓಡುವ ರೈಲಿನ ಡಬ್ಬಿಯೊಳಗೆ ಹಾರುವ ನೊಣ ಹಿಂದಿನ ಗೋಡೆಗೆ ಅಪ್ಪಳಿಸುವುದಿಲ್ಲವಷ್ಟೆ.

ವ್ಯತ್ಯಾಸ ತರುವುದು ಜೆಟ್ ಸ್ಟ್ರೀಮ್ ಎಂಬ ಗಾಳಿ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವಲ್ಲೇ, ಅದು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಇದನ್ನು ಮೊದಲೇ ಅಳೆದು ಬರೆದಿಟ್ಟವರು ಜಪಾನಿನ ತತೆನೊ ವೀಕ್ಷಣಾಲಯದ ವಸಾಬುರೊ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಅವು ತೇಲಿಹೋಗುವ ಪರಿಯನ್ನು ನೆಲದಿಂದಲೇ ಗಮನಿಸಿ ಗಾಳಿಯ ವೇಗ ಲೆಕ್ಕಹಾಕಿದರು. ಜಗತ್ತೆಲ್ಲ ಓದಲೆಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಪಾಪ, ಓದಿದವರು ಕಡಿಮೆ. 1944ರಲ್ಲಿ ಟೋಕಿಯೊ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಇದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಜಪಾನೀಯರು ಮಾತ್ರ ಅದೇ ಗಾಳಿಯ ಮೇಲೆ ಬಾಂಬು ಕಟ್ಟಿದ ಬಲೂನುಗಳನ್ನು ಪೆಸಿಫಿಕ್ ದಾಟಿಸಿ ಅಮೆರಿಕಕ್ಕೆ ಕಳಿಸಿದರು.

ಈ ಗಾಳಿ ಕೆರಳಿದರೆ ಏನಾದೀತೆಂದು 2020ರ ಫೆಬ್ರವರಿ ತೋರಿಸಿತು. ಕಿಯಾರಾ ಚಂಡಮಾರುತದ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಾದರೆ ಶಬ್ದದ ವೇಗವನ್ನೂ ಮೀರಿತೇ? ಇಲ್ಲ. ಆ ಮಿತಿಯನ್ನು ಅಳೆಯುವುದು ಸುತ್ತಲಿನ ಗಾಳಿಗೆ ಹೋಲಿಸಿ. ಗಾಳಿಯೇ ಓಡುತ್ತಿದ್ದರಿಂದ ವಿಮಾನ ತನ್ನ ಎಂದಿನ ವೇಗದಲ್ಲೇ ಇತ್ತು.

ಆ ಗಾಳಿಯನ್ನು ಹುಟ್ಟಿಸುವುದೂ ಭೂಮಿಯ ತಿರುಗಾಟವೇ ಅಲ್ಲವೇ ಎಂದು ಯಾರಾದರೂ ಪಟ್ಟು ಹಿಡಿಯಬಹುದು. ಈ ಆಕ್ಷೇಪಕ್ಕೆ ತೂಕವಿದೆ. ಸಮಭಾಜಕದಲ್ಲಿ ನೆಲದೊಂದಿಗೆ ಗಂಟೆಗೆ 1,670 ಕಿ.ಮೀ. ವೇಗದಲ್ಲಿ ಸುತ್ತುವ ಗಾಳಿ ಬಿಸಿಯಾಗಿ ಮೇಲೇರಿ ಧ್ರುವದತ್ತ ಹರಿದಾಗ, ಅಲ್ಲಿನ ನಿಧಾನದ ನೆಲವನ್ನು ಪೂರ್ವಕ್ಕೆ ಹಿಂದಿಕ್ಕುತ್ತದೆ. ಆದರೆ ತಿರುಗಾಟ ಒಂದೇ ಸಾಲದು, ಬಿಸಿಲಿನ ಹಂಚಿಕೆಯೂ ಬೇಕು. ಸಾಕ್ಷಿ ನಮ್ಮ ತಲೆಯ ಮೇಲೆಯೇ ಇದೆ. ಮುಂಗಾರಿನಲ್ಲಿ ಟಿಬೆಟ್ಟಿನ ಪ್ರಸ್ಥಭೂಮಿಯೂ ಉತ್ತರದ ನೆಲವೂ ಕಾಯ್ದು, ದಕ್ಷಿಣದ ಸಮುದ್ರ ತಂಪಾಗಿಯೇ ಉಳಿಯುವುದರಿಂದ, ದಕ್ಷಿಣ ಭಾರತದ ಬಹು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹುಟ್ಟುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಇದನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದರು. ಜೂನ್‌ನಲ್ಲಿ ಎದ್ದು ಸೆಪ್ಟೆಂಬರ್ ಹೊತ್ತಿಗೆ ಅಡಗುವ ಗಾಳಿ ಅದು. ಆ ನಾಲ್ಕು ತಿಂಗಳೂ ಭೂಮಿ ಎಂದಿನಂತೆ ಪೂರ್ವಕ್ಕೇ ತಿರುಗುತ್ತಿರುತ್ತದೆ.